ದಂಡಿನಿಂದ ಬಂದ ಕಾಗದ



ನಮ್ಮ ಬಳ್ಳಾರಿ ಸೀಮೆಯಲ್ಲಿ ವೀರಗಲ್ಲುಗಳನ್ನು ನೀವೆಲ್ಲ ನೋಡಿದ್ದೀರಿ. ಊರ ಬಾಗಿಲ ಹತ್ತಿರ ಇರುತ್ತವೆ. ಗುಡಿಯ ಹಿಂದೆ ಇರುತ್ತವೆ. ಕಲ್ಲಿನ ಕೆಳಗಡೆ ವೀರ ಕಾದಾಡುತ್ತಿರುತ್ತಾನೆ. ನಡುವೆ ದೇವಕನ್ಯೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲಗಡೆ ಅವನು ಶಿವನ ಮುಂದೆ ಕುಳಿತಿರುತ್ತಾನೆ.

ಅವನು ಹೋರಾಡಿ ಸತ್ತ ಅಂತ ಕಲ್ಲು ಹೇಳುತ್ತದೆ. ಆದರೆ ಸಾಯುವ ಮುಂಚೆ ಅವನ ಮನಸ್ಸು ಹೇಗಿತ್ತು? ಹೆದರಿದ್ದನಾ? ಮನೆ ನೆನಪಾಯ್ತಾ? ಹೆಂಡತಿ ಮಕ್ಕಳಿಗೆ ಏನಾದರೂ ಹೇಳಬೇಕು ಅಂತಿದ್ದನಾ? ಇದನ್ನು ಕಲ್ಲು ಹೇಳುವುದಿಲ್ಲ.

ಇದನ್ನು ಹೇಳುವುದು ಕಾಗದ. ಸಿಪಾಯಿ ಮನೆಗೆ ಬರೆದ ಕಾಗದ.

ಸುಮಾರು ನೂರು ವರ್ಷದ ಹಿಂದೆ ಒಂದು ದೊಡ್ಡ ಯುದ್ಧ ನಡೆಯಿತು. ಅದಕ್ಕೆ ಮೊದಲನೆಯ ಮಹಾಯುದ್ಧ ಅಂತ ಹೆಸರು. ಆಗ ನಮ್ಮ ದೇಶದ ಸಿಪಾಯಿಗಳು ಬರೆದ ಕಾಗದಗಳ ಬಗ್ಗೆ ಈ ಪಾಠದಲ್ಲಿ ತಿಳಿಯೋಣ. ಅವರ ಮನಸ್ಸು ಯಾವಾಗ ಗಟ್ಟಿಯಾಗಿತ್ತು, ಯಾವಾಗ ಕುಗ್ಗಿತು, ಅದು ಮನೆಯವರಿಗೆ ಹೇಗೆ ಗೊತ್ತಾಯ್ತು ಅಂತ ನೋಡೋಣ. ಆ ಕಾಗದಗಳಿಗೂ ಈಗ ಅಕ್ಷರ ಕಲಿಯುತ್ತಿರುವ ನಮಗೂ ಒಂದು ನಂಟಿದೆ. ಅದನ್ನೂ ನೋಡೋಣ.

ಬಳ್ಳಾರಿಯ ದಂಡು

1800ರಲ್ಲಿ ಹೈದರಾಬಾದಿನ ನಿಜಾಮ ನಮ್ಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷರ ಕಂಪನಿಗೆ ಬಿಟ್ಟುಕೊಟ್ಟ. ಆಮೇಲೆ ಇಲ್ಲಿ ಇಂಗ್ಲಿಷರ ಸೈನ್ಯ ಬಂದು ನೆಲೆಸಿತು. ಸೈನ್ಯ ಇರುವ ಜಾಗವನ್ನು ನಮ್ಮ ಹಿರಿಯರು 'ದಂಡು' ಅಂತಿದ್ದರು. ಇಂಗ್ಲಿಷಿನಲ್ಲಿ ಕಂಟೋನ್ಮೆಂಟ್. ಬಳ್ಳಾರಿಯಲ್ಲಿ ಇವತ್ತಿಗೂ ಕಂಟೋನ್ಮೆಂಟ್ ಅನ್ನುವ ರೈಲು ನಿಲ್ದಾಣ ಇದೆ. ಕೌಲ್ ಬಜಾರ್ ಇದೆ. ಇವು ದಂಡಿನ ಕಾಲದ ಹೆಸರುಗಳು.

ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1953ರ ಅಕ್ಟೋಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಅಂದರೆ ನಾವು ಹೇಳುತ್ತಿರುವ ಯುದ್ಧದ ಕಾಲದಲ್ಲಿ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಲ್ಲವೂ ನೇರವಾಗಿ ಇಂಗ್ಲಿಷರ ಆಳ್ವಿಕೆಯಲ್ಲೇ ಇದ್ದವು. ಯುದ್ಧ ಬೇಕೋ ಬೇಡವೋ ಅಂತ ನಮ್ಮ ಜನರನ್ನು ಯಾರೂ ಕೇಳಲಿಲ್ಲ. ಇಂಗ್ಲೆಂಡಿನ ಸರ್ಕಾರ ಯುದ್ಧ ಅಂದಿತು. ನಮ್ಮ ದೇಶವೂ ಯುದ್ಧಕ್ಕೆ ಇಳಿಯಿತು.

ಕಡಲಾಚೆಯ ಯುದ್ಧ

ಯುದ್ಧ 1914ರಲ್ಲಿ ಶುರುವಾಗಿ 1918ರಲ್ಲಿ ಮುಗಿಯಿತು. ಒಂದು ಕಡೆ ಇಂಗ್ಲೆಂಡ್, ಫ್ರಾನ್ಸ್ ಮತ್ತು ಅವರ ಗೆಳೆಯರು. ಇನ್ನೊಂದು ಕಡೆ ಜರ್ಮನಿ, ತುರ್ಕಿ ಮತ್ತು ಅವರ ಗೆಳೆಯರು. ನಮ್ಮ ದೇಶದಿಂದ ಸಿಪಾಯಿಗಳು, ಕೂಲಿಗಳು, ಕುದುರೆ ನೋಡಿಕೊಳ್ಳುವವರು, ಅಡಿಗೆಯವರು ಎಲ್ಲ ಸೇರಿ 13 ಲಕ್ಷಕ್ಕೂ ಹೆಚ್ಚು ಜನ ಈ ಯುದ್ಧದಲ್ಲಿ ದುಡಿದರು. ಸುಮಾರು 74 ಸಾವಿರ ಜನ ತಿರುಗಿ ಬರಲಿಲ್ಲ.

ಹೆಚ್ಚಿನವರು ಪಂಜಾಬಿನ ಕಡೆಯವರು. ಕನ್ನಡ ನಾಡಿನಿಂದಲೂ ಜನ ಹೋದರು. ಮೈಸೂರು ಮಹಾರಾಜರ ಕುದುರೆ ಸೈನ್ಯ ಈಜಿಪ್ಟಿಗೆ ಹೋಯಿತು. ಇವರಿಗೆ ಮೈಸೂರು ಲ್ಯಾನ್ಸರ್ಸ್ ಅಂತ ಹೆಸರು. 1918ರ ಸೆಪ್ಟೆಂಬರ್ 23ರಂದು ಇವರೂ ಜೋಧಪುರದ ಕುದುರೆ ಸೈನ್ಯದವರೂ ಸೇರಿ ಹೈಫಾ ಅನ್ನುವ ಊರನ್ನು ಗೆದ್ದರು. ಹೈಫಾ ಈಗ ಇಸ್ರೇಲ್ ದೇಶದಲ್ಲಿದೆ. ದೆಹಲಿಯ ತೀನ್ ಮೂರ್ತಿಯಲ್ಲಿ ಮೂರು ಸಿಪಾಯಿಗಳ ಪ್ರತಿಮೆ ಇವೆ. ಅದರಲ್ಲಿ ಒಂದು ಮೈಸೂರಿನ ಸಿಪಾಯಿಯದು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಅನ್ನುವ ಪಡೆಯವರು ಈಗಿನ ಇರಾಕ್ ದೇಶಕ್ಕೆ ಹೋದರು. ಸೇತುವೆ ಕಟ್ಟುವುದು, ದಾರಿ ಮಾಡುವುದು, ಗುಂಡಿ ತೋಡುವುದು ಅವರ ಕೆಲಸ.

ಇವರೆಲ್ಲ ಯಾಕೆ ಹೋದರು? ಹೊಟ್ಟೆಪಾಡು ಒಂದು ಕಾರಣ. ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 11 ರೂಪಾಯಿ ಸಂಬಳ. ಮಳೆ ನಂಬಿ ಬದುಕುವ ಮನೆಗೆ ತಿಂಗಳು ತಿಂಗಳು ಬರುವ ದುಡ್ಡು ದೊಡ್ಡದು. ಮಾನ ಇನ್ನೊಂದು ಕಾರಣ. ಅಪ್ಪ ಸಿಪಾಯಿ ಆಗಿದ್ದರೆ ಮಗನೂ ಸಿಪಾಯಿ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನೋ ಮಾತು ನಮ್ಮಲ್ಲೂ ಇದೆ. ಅವರೂ ಹಾಗೇ ತಿಳಿದಿದ್ದರು.

ಒಂದು ಕಾಗದ, ಹಲವು ಕೈ

ದೂರ ಹೋದವರಿಗೆ ಮನೆಯ ಸುದ್ದಿಯೇ ಅನ್ನ. ಆಗ ಕೈಯಲ್ಲಿ ಫೋನ್ ಇರಲಿಲ್ಲ. ಇದ್ದದ್ದು ಟಪಾಲು ಮಾತ್ರ. 1915ರಲ್ಲಿ ಫ್ರಾನ್ಸಿನಲ್ಲಿದ್ದ ನಮ್ಮ ಸಿಪಾಯಿಗಳು ವಾರಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಕಾಗದ ಬರೆಯುತ್ತಿದ್ದರು.

'ಅಷ್ಟೊಂದು ಜನ ಓದಿದವರು ಇದ್ದರಾ?' ಅಂತ ನೀವು ಕೇಳಬಹುದು. ಇಲ್ಲ. ಬಹಳಷ್ಟು ಸಿಪಾಯಿಗಳಿಗೆ ಅಕ್ಷರ ಬರುತ್ತಿರಲಿಲ್ಲ. ಪಲ್ಟನಿನಲ್ಲಿ ಓದು ಬರಹ ಬಲ್ಲವನೊಬ್ಬ ಇರುತ್ತಿದ್ದ. ಇವರು ಅವನ ಮುಂದೆ ಕುಳಿತು ಹೇಳೋದು, ಅವನು ಬರೆಯೋದು. ಮನೆಯಲ್ಲೂ ಅದೇ ಕಥೆ. ಊರಿನ ಮೇಷ್ಟ್ರೋ ಟಪಾಲಿನವರೋ ಓದಿ ಹೇಳಬೇಕು.

1911ರ ಜನಗಣತಿಯ ಲೆಕ್ಕ ಕೇಳಿ. ಆಗ ನಮ್ಮ ದೇಶದಲ್ಲಿ ನೂರು ಗಂಡಸರಲ್ಲಿ ಓದು ಬರಹ ಬಲ್ಲವರು ಹತ್ತು ಹನ್ನೊಂದು ಜನ. ನೂರು ಹೆಂಗಸರಲ್ಲಿ ಎಷ್ಟು ಗೊತ್ತೇ? ಸುಮಾರು ಒಬ್ಬರು! ನೂರಕ್ಕೆ ಒಬ್ಬಳು.

ಈಗ ಒಂದು ಕಾಗದ ಹೇಗೆ ನಡೆದು ಬರುತ್ತೆ ಅಂತ ಎಣಿಸೋಣ.

ಒಂದು, ಸಿಪಾಯಿ ಬಾಯಲ್ಲಿ ಹೇಳುತ್ತಾನೆ.
ಎರಡು, ಬರೆಯುವವನು ಕೇಳಿ ಬರೆಯುತ್ತಾನೆ.
ಮೂರು, ಪಲ್ಟನಿನ ಸಾಹೇಬ ನೋಡುತ್ತಾನೆ.
ನಾಲ್ಕು, ದೊಡ್ಡ ಕಚೇರಿಯಲ್ಲಿ ಒಡೆದು ಓದುತ್ತಾರೆ.
ಐದು, ಟಪಾಲಿನವರು ಊರಿಗೆ ತರುತ್ತಾರೆ.
ಆರು, ಅಕ್ಷರ ಬಲ್ಲವನು ಓದಿ ಹೇಳುತ್ತಾನೆ.
ಏಳು, ಕೊನೆಗೆ ಹೆಂಡತಿಯ ಕಿವಿಗೆ ಬೀಳುತ್ತದೆ.

ಗಂಡ ಹೆಂಡತಿಯ ನಡುವೆ ಐದು ಜನ! ಇನ್ನು ಮನಸ್ಸಿನ ಮಾತು ಎಲ್ಲಿ ಬಂತು? ಹೆಚ್ಚಿನ ಕಾಗದಗಳು ಅಪ್ಪ, ಅಣ್ಣ, ತಮ್ಮ, ಗೆಳೆಯರ ಹೆಸರಿಗೇ ಬರುತ್ತಿದ್ದವು. ಹೆಂಡತಿ ದೂರದಲ್ಲಿ ನಿಂತು ಕೇಳಬೇಕು. 'ಇನ್ನೊಂದು ಸಲ ಓದಿ' ಅನ್ನೋಕೂ ಅವಳಿಗೆ ಸಂಕೋಚ.

ಕಾಗದ ಒಡೆಯುವ ಕಚೇರಿ

ಈ ನಾಲ್ಕನೆಯ ಕೈ ಬಗ್ಗೆ ಸ್ವಲ್ಪ ತಿಳಿಯೋಣ. ಇದು ಸರ್ಕಾರದ ಕೈ.

1914ರ ಕೊನೆಯಲ್ಲಿ ಇಂಗ್ಲಿಷರು ಫ್ರಾನ್ಸಿನಲ್ಲಿ ಒಂದು ಕಚೇರಿ ತೆರೆದರು. ನಮ್ಮ ಸಿಪಾಯಿಗಳ ಕಾಗದ ತಪಾಸಣೆ ಮಾಡುವುದೇ ಅದರ ಕೆಲಸ. ಇದಕ್ಕೆ ಸೆನ್ಸಾರ್ ಅನ್ನುತ್ತಾರೆ. ಕಚೇರಿಯ ಮುಖ್ಯಸ್ಥ ಈವ್ಲಿನ್ ಹೊವೆಲ್ ಅನ್ನುವ ಅಧಿಕಾರಿ. ನಮ್ಮ ದೇಶದಲ್ಲಿ ಕೆಲಸ ಮಾಡಿದವನು, ನಮ್ಮ ಕಡೆಯ ಭಾಷೆ ಬಲ್ಲವನು. ಬರುವ ಎಲ್ಲಾ ಕಾಗದ ಓದಲು ಆಗುತ್ತಿರಲಿಲ್ಲ. ಆರಿಸಿ ಓದುತ್ತಿದ್ದರು. ಉರ್ದು, ಪಂಜಾಬಿ, ಹಿಂದಿ ಮುಂತಾದ ಭಾಷೆಯ ಮಾತುಗಳನ್ನು ಇಂಗ್ಲಿಷಿಗೆ ಇಳಿಸುತ್ತಿದ್ದರು. ವಾರಕ್ಕೊಂದು ವರದಿ ಮಾಡಿ ಮೇಲಿನವರಿಗೆ ಕಳಿಸುತ್ತಿದ್ದರು.

ಯಾಕೆ ಇಷ್ಟು ಕಷ್ಟಪಟ್ಟರು? ಎರಡು ಕಾರಣ. ಯುದ್ಧದ ಗುಟ್ಟು ಹೊರಗೆ ಹೋಗಬಾರದು ಅನ್ನೋದು ಒಂದು. ಸಿಪಾಯಿಗಳ ಮನಸ್ಸು ಹೇಗಿದೆ ಅಂತ ತಿಳಿಯಬೇಕು ಅನ್ನೋದು ಇನ್ನೊಂದು. ಸೈನ್ಯ ನಿಲ್ಲುವುದು ಬಂದೂಕಿನ ಮೇಲಷ್ಟೇ ಅಲ್ಲ. ಬಂದೂಕು ಹಿಡಿದವನ ಎದೆಯ ಮೇಲೆ. ಎದೆಗುಂದಿದರೆ ಸೈನ್ಯ ನಿಲ್ಲದು. ಇದು ಆಳುವವರಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ವಿಚಿತ್ರ ನೋಡಿ. ಗುಟ್ಟಾಗಿ ಒಡೆದು ಓದಿದ್ದರಿಂದಲೇ ಆ ಮಾತುಗಳು ಉಳಿದವು. ಮನೆಗೆ ಬಂದ ಕಾಗದ ಮಳೆಗೆ ನೆನೆಯಿತು, ಗೆದ್ದಲು ತಿಂದಿತು. ಆದರೆ ಇಂಗ್ಲಿಷಿಗೆ ಇಳಿಸಿದ ಆ ವರದಿಗಳು ಲಂಡನ್ನಿನ ದೊಡ್ಡ ಗ್ರಂಥಾಲಯದಲ್ಲಿ ಇವೆ. ಓದಿದವರು ಅದರಿಂದ ಪುಸ್ತಕ ಮಾಡಿದ್ದಾರೆ. ನಮ್ಮವರ ಮಾತನ್ನು ನಾವು ಇಂಗ್ಲಿಷಿನಿಂದ ತಿಳಿಯಬೇಕಾಗಿದೆ.

ಮನಸ್ಸು ಹೇಗಿತ್ತು?

ಈಗ ಕಾಗದದೊಳಗೆ ಏನಿತ್ತು ನೋಡೋಣ.

1914ರ ಸೆಪ್ಟೆಂಬರಿನಲ್ಲಿ ನಮ್ಮ ಸಿಪಾಯಿಗಳು ಹಡಗಿನಿಂದ ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಇಳಿದರು. ಮೊದಮೊದಲು ಎಲ್ಲ ಬೆರಗು. ಊರು ಚೆಂದ, ರಸ್ತೆ ಚೆಂದ, ಜನ ಒಳ್ಳೆಯವರು ಅಂತ ಬರೆದರು. ಫ್ರಾನ್ಸಿನ ಜನ ಹೂ ಕೊಟ್ಟು ಬರಮಾಡಿಕೊಂಡರು.

ಆಮೇಲೆ ಚಳಿಗಾಲ ಬಂತು. ನಮ್ಮವರು ಬಿಸಿಲು ನಾಡಿನ ತೆಳು ಬಟ್ಟೆಯಲ್ಲೇ ಹೋಗಿದ್ದರು. ದಪ್ಪ ಬಟ್ಟೆ ಸಿಗುವುದು ತಡವಾಯಿತು. ಅಲ್ಲಿ ಹಿಮ ಬೀಳುತ್ತದೆ. ಸಿಪಾಯಿಗಳು ನೆಲದಲ್ಲಿ ತೋಡಿದ ಉದ್ದನೆ ಗುಂಡಿಯೊಳಗೆ ಇರಬೇಕು. ಗುಂಡಿಯಲ್ಲಿ ಮೊಣಕಾಲುದ್ದ ನೀರು, ಕೆಸರು. ಸಿರುಗುಪ್ಪದ ಕಡೆ ಸಸಿ ನಾಟಿ ಮಾಡುವ ಅಕ್ಕಂದಿರಿಗೆ ಕೆಸರಲ್ಲಿ ನಿಲ್ಲೋದು ಏನು ಅಂತ ಗೊತ್ತು. ನೀವು ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತೀರಿ. ಅವರು ಹಗಲು ರಾತ್ರಿ ಅದರಲ್ಲೇ ನಿಂತರು. ಮೇಲಿಂದ ತೋಪಿನ ಗುಂಡುಗಳು. ಶತ್ರು ಮುಖವೇ ಕಾಣದ ಯುದ್ಧ.

ಆಗ ಕಾಗದದ ಮಾತು ಬದಲಾಯಿತು. ಇದು ಯುದ್ಧವಲ್ಲ, ಲೋಕ ಮುಗಿಯುವ ಕಾಲ ಅಂತ ಕೆಲವರು ಬರೆಸಿದರು. ಮಹಾಭಾರತದ ಯುದ್ಧಕ್ಕೆ ಹೋಲಿಸಿದವರೂ ಇದ್ದರು. ನಾವು ತಿರುಗಿ ಬರುವ ಭರವಸೆ ಇಲ್ಲ ಅಂತ ಬರೆಸಿದರು.

ಗಾಯ ಆದವರನ್ನು ಇಂಗ್ಲೆಂಡಿಗೆ ಕಳಿಸುತ್ತಿದ್ದರು. ಬ್ರೈಟನ್ ಅನ್ನುವ ಊರಿನಲ್ಲಿ ರಾಜನ ಅರಮನೆಯನ್ನೇ ಆಸ್ಪತ್ರೆ ಮಾಡಿದ್ದರು. ಅಲ್ಲಿ ಆರೈಕೆ ಚೆನ್ನಾಗಿತ್ತು. ಬೇರೆ ಬೇರೆ ಜಾತಿ, ಧರ್ಮದವರಿಗೆ ಬೇರೆ ಅಡಿಗೆ ಮನೆಗಳಿದ್ದವು. ಸಿಪಾಯಿಗಳು ಅದನ್ನು ಹೊಗಳಿ ಬರೆದರು. ಆದರೆ ಒಂದು ಕೊರಗು ಎಲ್ಲರನ್ನೂ ಕಾಡುತ್ತಿತ್ತು. ಗಾಯ ಮಾಯ್ದ ಮೇಲೆ ಮತ್ತೆ ಅದೇ ಗುಂಡಿಗೆ ಕಳಿಸುತ್ತಿದ್ದರು. ಒಂದು ಸಲ ರಕ್ತ ಕೊಟ್ಟರೆ ಸಾಲದೇ, ಮನೆಗೆ ಯಾಕೆ ಕಳಿಸುವುದಿಲ್ಲ ಅನ್ನೋದು ಅವರ ದುಃಖ. 'ಸೈನ್ಯಕ್ಕೆ ಸೇರಬೇಡ' ಅಂತ ತಮ್ಮನಿಗೆ, ಗೆಳೆಯನಿಗೆ ಹೇಳಿ ಬರೆಸಿದವರೂ ಇದ್ದರು. ಅಂಥ ಕಾಗದವನ್ನು ಕಚೇರಿಯವರು ತಡೆಯುತ್ತಿದ್ದರು.

ಎಲ್ಲರೂ ಕುಗ್ಗಿದ್ದರು ಅಂತಲ್ಲ. ಶೌರ್ಯದಿಂದ ಹೋರಾಡಿದವರು, ಪದಕ ಪಡೆದವರು ಬಹಳ. ಮನೆತನದ ಮಾನ ಉಳಿಸುತ್ತೇನೆ ಅಂತ ಹೆಮ್ಮೆಯಿಂದ ಬರೆದವರೂ ಬಹಳ. ಒಬ್ಬನೇ ಮನುಷ್ಯ ಒಂದು ವಾರ ಧೈರ್ಯದ ಮಾತು ಬರೆಯುತ್ತಾನೆ. ಮರುವಾರ ಅಳುತ್ತಾನೆ. ಇದು ಮನುಷ್ಯ ಸ್ವಭಾವ. ಧೈರ್ಯ ಇದ್ದವರಿಗೂ ಭಯ ಇರುತ್ತದೆ.

ಮೆಣಸಿನ ಗುಟ್ಟು

ಕಾಗದ ಒಡೆಯುತ್ತಾರೆ ಅಂತ ಸಿಪಾಯಿಗಳಿಗೆ ಬೇಗ ಗೊತ್ತಾಯಿತು. ಆಗ ಏನು ಮಾಡಿದರು? ಗೂಢವಾಗಿ ಬರೆಯಲು ಶುರು ಮಾಡಿದರು.

ಒಂದು ಜಾಣತನ ಕೇಳಿ. ಮನೆಗೆ ಮೆಣಸಿನ ಸುದ್ದಿ ಬರೆಯುತ್ತಿದ್ದರು. ಕರಿ ಮೆಣಸು ಮುಗಿಯುತ್ತಾ ಬಂತು, ಕೆಂಪು ಮೆಣಸು ಇನ್ನೂ ಬಹಳ ಉಳಿದಿದೆ ಅನ್ನುವ ಅರ್ಥದ ಮಾತು. ಓದಿದವರಿಗೆ ಅಡಿಗೆ ಮನೆ ಮಾತು. ಒಳಗಿನ ಅರ್ಥ ಬೇರೆ. ಕರಿ ಮೆಣಸು ಅಂದರೆ ನಮ್ಮ ದೇಶದ ಸಿಪಾಯಿಗಳು. ಕೆಂಪು ಮೆಣಸು ಅಂದರೆ ಬಿಳಿ ಸಿಪಾಯಿಗಳು. ನಮ್ಮವರನ್ನೇ ಮುಂದೆ ಮಾಡಿ ಖರ್ಚು ಮಾಡುತ್ತಿದ್ದಾರೆ, ಅವರನ್ನು ಉಳಿಸಿಕೊಳ್ಳುತ್ತಿದ್ದಾರೆ ಅನ್ನೋ ಸಂಕಟ ಅದರಲ್ಲಿತ್ತು. ಬಿಳಿ ಸಿಪಾಯಿಗಳೂ ಲಕ್ಷ ಲಕ್ಷ ಸತ್ತರು ನಿಜ. ಆದರೆ ನಮ್ಮವರಿಗೆ ಅನ್ನಿಸಿದ್ದು ಹೀಗೆ. ಅನ್ನಿಸಿದ್ದನ್ನು ನೇರವಾಗಿ ಹೇಳುವ ಹಾಗಿರಲಿಲ್ಲ. ಅದಕ್ಕೇ ಮೆಣಸು ಬಂತು.

ಕಚೇರಿಯವರಿಗೂ ಈ ಗುಟ್ಟು ಗೊತ್ತಾಗಿ ಹೋಯಿತು! ಅದಕ್ಕೇ ಅದು ವರದಿಯಲ್ಲಿ ಉಳಿಯಿತು, ನಮಗೂ ತಿಳಿಯಿತು.

ಕೆಲವು ಸಿಪಾಯಿಗಳು ಏನೂ ಹೇಳುತ್ತಿರಲಿಲ್ಲ. 'ಕ್ಷೇಮವಾಗಿದ್ದೇನೆ' ಅಷ್ಟೇ. ಇಂಗ್ಲಿಷರ ಸೈನ್ಯದಲ್ಲಿ ಒಂದು ಅಚ್ಚಾದ ಕಾರ್ಡೇ ಇತ್ತು. 'ಚೆನ್ನಾಗಿದ್ದೇನೆ', 'ಆಸ್ಪತ್ರೆಯಲ್ಲಿದ್ದೇನೆ' ಮುಂತಾದ ಸಾಲುಗಳು ಅದರಲ್ಲಿ ಇರುತ್ತಿದ್ದವು. ಬೇಡದ ಸಾಲನ್ನು ಗೀಟು ಹಾಕಿ ಹೊಡೆಯಬೇಕು. ಸಹಿ ಮಾಡಬೇಕು. ಬೇರೆ ಏನಾದರೂ ಬರೆದರೆ ಕಾರ್ಡನ್ನೇ ಹರಿದು ಹಾಕುತ್ತಿದ್ದರು. ಮನುಷ್ಯನ ಎದೆಯೊಳಗಿನ ಮಾತಿಗೆ ಅಚ್ಚಿನ ನಾಲ್ಕು ಸಾಲು!

ನಾವೂ ಕಾಗದ ಬರೆಯುವಾಗ 'ಇತ್ತ ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ' ಅಂತೀವಿ. ಹಾಗೆ ಬರೆಯುವವರೆಲ್ಲ ಕ್ಷೇಮವಾಗಿ ಇರುತ್ತಾರಾ? ಯೋಚನೆ ಮಾಡಿ.

ಮನೆಯಿಂದ ಹೋದ ಕಾಗದ

ಸಿಪಾಯಿಯ ಮನಸ್ಸು ಯುದ್ಧದಿಂದ ಮಾತ್ರ ಕುಗ್ಗುತ್ತಿರಲಿಲ್ಲ. ಮನೆ ಸುದ್ದಿಯಿಂದಲೂ ಕುಗ್ಗುತ್ತಿತ್ತು. ಮಳೆ ಬಂತಾ, ಬೆಳೆ ಹೇಗಿದೆ, ಎತ್ತು ಚೆನ್ನಾಗಿದೆಯಾ, ಸಾಲ ತೀರಿತಾ ಅಂತ ಕೇಳಿ ಬರೆಯುತ್ತಿದ್ದರು. ಪ್ಲೇಗು ಬಂತು, ಹೊಲದ ಜಗಳ ಕೋರ್ಟಿಗೆ ಹೋಯ್ತು ಅಂತ ಮನೆಯಿಂದ ಸುದ್ದಿ ಬಂದರೆ ಅಲ್ಲಿ ಅವನಿಗೆ ನಿದ್ದೆ ಇಲ್ಲ. ಕಾಗದವೇ ಬರದಿದ್ದರೆ ಇನ್ನೂ ಸಂಕಟ. 'ನನ್ನನ್ನು ಮರೆತಿರಾ?' ಅನ್ನೋ ಕೊರಗು.

ಎರಡನೆಯ ಮಹಾಯುದ್ಧ 1939ರಿಂದ 1945ರವರೆಗೆ ನಡೆಯಿತು. ಆಗ ನಮ್ಮ ದೇಶದಿಂದ 25 ಲಕ್ಷ ಜನ ಸೈನ್ಯದಲ್ಲಿದ್ದರು. ಮದ್ರಾಸ್ ಪ್ರಾಂತ್ಯದಿಂದಲೂ ಬಹಳ ಜನ ಸೇರಿದರು. ಆಗಲೂ ಇಂಗ್ಲಿಷರು ಕಾಗದ ಒಡೆದು ಮನಸ್ಸಿನ ವರದಿ ಬರೆಯುತ್ತಿದ್ದರು. 1943ರಲ್ಲಿ ಬಂಗಾಳದಲ್ಲಿ ಘೋರ ಬರ ಬಂತು. ಲಕ್ಷಾಂತರ ಜನ ಹಸಿವಿನಿಂದ ಸತ್ತರು. ದೇಶದ ತುಂಬ ದವಸದ ಬೆಲೆ ಏರಿತು. ಸಿಪಾಯಿಗಳು ಆ ವರ್ಷ ಕಾಗದದಲ್ಲಿ ಕೇಳಿದ್ದು ಒಂದೇ: ಮನೆಯಲ್ಲಿ ಉಣ್ಣೋಕೆ ಇದೆಯಾ? ತನಗೆ ಮೂರು ಹೊತ್ತು ಊಟ ಸಿಗುತ್ತದೆ, ಹೆಂಡತಿ ಮಕ್ಕಳು ಹಸಿದಿದ್ದಾರೆ ಅಂದರೆ ಯಾರ ಗಂಟಲಲ್ಲಿ ತುತ್ತು ಇಳಿಯುತ್ತೆ?

ದೂರದವನ ಧೈರ್ಯ ಮನೆಯ ಒಲೆಯಲ್ಲಿದೆ. ಒಲೆ ಉರಿದರೆ ಅವನೂ ಗಟ್ಟಿ.

ನಮ್ಮೂರಿನ ಪರದೇಶಿ ಕೈದಿಗಳು

ಇನ್ನೊಂದು ಸಂಗತಿ ಇದೆ. ಇದು ನಮ್ಮ ಬಳ್ಳಾರಿಯದೇ.

ಮೊದಲನೆಯ ಯುದ್ಧದಲ್ಲಿ ತುರ್ಕಿ ದೇಶ ಇಂಗ್ಲಿಷರ ಶತ್ರು. ಸೆರೆ ಸಿಕ್ಕ ತುರ್ಕಿಯವರಲ್ಲಿ ಕೆಲವರನ್ನು ನಮ್ಮ ದೇಶಕ್ಕೆ ತಂದಿಟ್ಟರು. ಅಂಥ ಒಂದು ಶಿಬಿರ ಬಳ್ಳಾರಿಯಲ್ಲಿತ್ತು. 1917ರಲ್ಲಿ ರೆಡ್ ಕ್ರಾಸ್ ಸಂಸ್ಥೆಯವರು ಬಂದು ಅದನ್ನು ನೋಡಿಕೊಂಡು ಹೋದರು. ಯುದ್ಧ ಕೈದಿಗಳಿಗೆ ಊಟ, ಔಷಧಿ, ಮನೆಯ ಕಾಗದ ಸರಿಯಾಗಿ ಸಿಗುತ್ತಿದೆಯಾ ಅಂತ ನೋಡುವುದು ಆ ಸಂಸ್ಥೆಯ ಕೆಲಸ.

ಯೋಚನೆ ಮಾಡಿ. ನಮ್ಮವರು ಫ್ರಾನ್ಸಿನ ಹಿಮದಲ್ಲಿ ಬಳಲಿದರು. ಅವರು ಬಳ್ಳಾರಿಯ ಬಿಸಿಲಲ್ಲಿ ಬಳಲಿದರು. ಅಲ್ಲಿ ನಮ್ಮ ತಾಯಂದಿರ ಮಕ್ಕಳು ಮನೆ ಕಾಗದಕ್ಕೆ ಕಾದರು. ಇಲ್ಲಿ ಅವರ ತಾಯಂದಿರ ಮಕ್ಕಳು ಕಾದರು. ಶತ್ರು ಅನ್ನಿಸಿಕೊಂಡವನಿಗೂ ಅವ್ವ ಇರುತ್ತಾಳೆ.

ಹೆಣ್ಣುಮಕ್ಕಳನ್ನು ಓದಿಸಿ

ಈಗ ಪಾಠದ ಮುಖ್ಯ ಮಾತಿಗೆ ಬರೋಣ.

1915ರ ಕೊನೆಯಲ್ಲಿ ನಮ್ಮ ಕಾಲಾಳು ಸಿಪಾಯಿಗಳಲ್ಲಿ ಹೆಚ್ಚಿನವರನ್ನು ಫ್ರಾನ್ಸಿನಿಂದ ಬೇರೆ ಕಡೆ ಕಳಿಸಿದರು. ಕುದುರೆ ಸೈನ್ಯದವರು 1918ರವರೆಗೆ ಅಲ್ಲೇ ಉಳಿದರು. ಬಿಡುವಿನ ದಿನಗಳಲ್ಲಿ ಅವರು ಫ್ರಾನ್ಸಿನ ಹಳ್ಳಿಗಳಲ್ಲಿ, ರೈತರ ಮನೆಗಳಲ್ಲಿ ತಂಗುತ್ತಿದ್ದರು. ಅಲ್ಲಿನ ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರು. ಹೊಲ ನೋಡಿಕೊಳ್ಳುವವರು ಹೆಂಗಸರು. ಅಂಗಡಿ ನಡೆಸುವವರು ಹೆಂಗಸರು. ಹಾಲು ಕರೆದು ಲೆಕ್ಕ ಬರೆಯುವವರೂ ಹೆಂಗಸರು.

ಆ ಹೆಂಗಸರ ಗಂಡಂದಿರೂ ಮಕ್ಕಳೂ ಯುದ್ಧದಲ್ಲಿದ್ದರು. ಅವರಿಗೆ ಕಾಗದ ಬಂದರೆ ಯಾರ ಮನೆಗೂ ಓಡುತ್ತಿರಲಿಲ್ಲ. ತಾವೇ ಒಡೆದು ಓದುತ್ತಿದ್ದರು. ನಗುತ್ತಿದ್ದರು ಇಲ್ಲವೇ ಅಳುತ್ತಿದ್ದರು. ತಾವೇ ಉತ್ತರ ಬರೆಯುತ್ತಿದ್ದರು. ಆ ದೇಶದಲ್ಲಿ ಗಂಡು ಹೆಣ್ಣು ಇಬ್ಬರೂ ಶಾಲೆಗೆ ಹೋಗಲೇಬೇಕು ಅಂತ 1882ರಲ್ಲೇ ಕಾನೂನು ಆಗಿತ್ತು.

ಇದನ್ನು ನೋಡಿ ನಮ್ಮ ಸಿಪಾಯಿಗಳ ಕಣ್ಣು ತೆರೆಯಿತು. ಅವರು ಊರಿಗೆ ಕಾಗದ ಬರೆಸಿದರು. ಗಂಡುಮಕ್ಕಳನ್ನು ಓದಿಸಿ, ಹೆಣ್ಣುಮಕ್ಕಳನ್ನೂ ಓದಿಸಿ ಅಂತ ಹೇಳಿದರು. ಒಡವೆ, ಮದುವೆ ಅಂತ ದುಡ್ಡು ಸುರಿಯಬೇಡಿ, ಆ ದುಡ್ಡಿನಲ್ಲಿ ಶಾಲೆಗೆ ಕಳಿಸಿ ಅಂದರು. ಹೆಂಡತಿಗೆ ಅಕ್ಷರ ಕಲಿಸಿ ಅಂದವರೂ ಇದ್ದರು. ಓದಿದ ಹೆಂಗಸು ಮನೆ ಕೆಡಿಸುತ್ತಾಳೆ ಅಂತ ನಂಬಿದ್ದವರು, ಓದಿದ ಹೆಂಗಸೇ ಮನೆ ಉಳಿಸಿದ್ದನ್ನು ಕಣ್ಣಾರೆ ಕಂಡರು.

ಈ ಮಾತನ್ನು ಯಾವ ಸಾಹೇಬನೂ ಹೇಳಿಕೊಡಲಿಲ್ಲ. ಸಾವಿನ ಬಾಯಲ್ಲಿ ನಿಂತ ಸಿಪಾಯಿಗಳು ತಾವೇ ಕಂಡುಕೊಂಡರು. ತನ್ನ ಕಾಗದ ಐದು ಜನರ ಕೈ ದಾಟಿ ಹೆಂಡತಿಯ ಕಿವಿಗೆ ಬೀಳುವ ನೋವು ಅವರಿಗೆ ಗೊತ್ತಿತ್ತು.

ಆಮೇಲೆ ಏನಾಯ್ತು?

1918ರ ನವೆಂಬರಿನಲ್ಲಿ ಯುದ್ಧ ಮುಗಿಯಿತು. ಅದೇ ವರ್ಷ ನಮ್ಮ ದೇಶದಲ್ಲಿ ಇನ್‌ಫ್ಲುಯೆಂಜಾ ಜ್ವರ ಹಬ್ಬಿತು. ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಯುದ್ಧದಲ್ಲಿ ಉಳಿದು ಬಂದ ಎಷ್ಟೋ ಸಿಪಾಯಿಗಳು ಮನೆಗೆ ಬಂದಾಗ ಮನೆಯವರೇ ಇರಲಿಲ್ಲ.

ಯುದ್ಧಕ್ಕೆ ನೆರವಾದರೆ ಸ್ವಲ್ಪವಾದರೂ ಸ್ವಾತಂತ್ರ್ಯ ಸಿಗಬಹುದು ಅಂತ ಜನ ಆಸೆ ಇಟ್ಟಿದ್ದರು. 1919ರಲ್ಲಿ ಸಿಕ್ಕಿದ್ದು ರೌಲತ್ ಕಾಯ್ದೆ. ವಿಚಾರಣೆ ಇಲ್ಲದೆ ಯಾರನ್ನು ಬೇಕಾದರೂ ಜೈಲಿಗೆ ಹಾಕುವ ಕಾಯ್ದೆ ಅದು. ಆ ವರ್ಷದ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದರು. ಯಾವ ಪಂಜಾಬು ಅಷ್ಟೊಂದು ಸಿಪಾಯಿಗಳನ್ನು ಕೊಟ್ಟಿತ್ತೋ ಅದೇ ಪಂಜಾಬಿನಲ್ಲಿ ಇದು ನಡೆಯಿತು. ಉಪ್ಪಿನ ಋಣ ಒಂದೇ ಕಡೆಯಿಂದ ತೀರಿಸಿದಂತಾಯಿತು.

ದೆಹಲಿಯಲ್ಲಿ ಇಂಡಿಯಾ ಗೇಟ್ ಇದೆ. ಸತ್ತ ಸಿಪಾಯಿಗಳ ನೆನಪಿಗೆ ಕಟ್ಟಿದ್ದು. 1931ರಲ್ಲಿ ಮುಗಿಯಿತು. ಅದರ ಮೇಲೆ 13 ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಕೆತ್ತಿದ್ದಾರೆ. ಅದೂ ಒಂದು ದೊಡ್ಡ ವೀರಗಲ್ಲೇ. ಅದರ ಮೇಲೆ ಹೆಸರಿದೆ, ಮನಸ್ಸಿಲ್ಲ. ಮನಸ್ಸು ಕಾಗದದಲ್ಲಿದೆ.

ನಮಗೆ ಇದರಿಂದ ಏನು?

ನಮ್ಮ ಕಡೆ ಮಳೆ ಕೈಕೊಟ್ಟರೆ ಜನ ಗುಳೆ ಹೋಗುತ್ತಾರೆ. ಗಂಡ ಬೆಂಗಳೂರಿಗೆ, ಮಗ ಇನ್ನೆಲ್ಲಿಗೋ. ಈಗ ಕೈಯಲ್ಲಿ ಫೋನ್ ಇದೆ. ಮಾತಾಡಬಹುದು ನಿಜ. ಆದರೂ ಕೂಲಿ ಲೆಕ್ಕದ ಚೀಟಿ ಬರುತ್ತೆ. ಬ್ಯಾಂಕಿನಿಂದ ಕಾಗದ ಬರುತ್ತೆ. ಸಂಘದ ಸಾಲದ ಪುಸ್ತಕ ಇರುತ್ತೆ. ಹೊಲದ ಪಹಣಿ ಇರುತ್ತೆ. ಫೋನಿನಲ್ಲೇ ಅಕ್ಷರದ ಸಂದೇಶ ಬರುತ್ತೆ. ಇದನ್ನೆಲ್ಲ ಇನ್ನೊಬ್ಬರ ಕೈಗೆ ಕೊಟ್ಟು 'ಏನೈತೆ ಓದಪ್ಪಾ' ಅಂದರೆ, ಅವನು ಹೇಳಿದ್ದೇ ನಿಜ. ಬಿಟ್ಟಿದ್ದು ನಮಗೆ ಗೊತ್ತಾಗೋದಿಲ್ಲ.

ಮನೆಯ ಕಷ್ಟ, ಸುಖ, ಸಿಟ್ಟು, ಪ್ರೀತಿ ಮೂರನೆಯವರ ಬಾಯಿ ಮುಟ್ಟದೆ ಹೋಗಬೇಕು. ಅದಕ್ಕೆ ನಮಗೇ ಅಕ್ಷರ ಬರಬೇಕು. ಅಂದು ನೂರಕ್ಕೆ ಒಬ್ಬಳು ಓದುತ್ತಿದ್ದಳು. ಇಂದು ಈ ಪುಸ್ತಕ ನಿಮ್ಮ ಕೈಯಲ್ಲಿದೆ. ನೀವೇ ಓದುತ್ತಿದ್ದೀರಿ.

ಬರೆಯುವ ಅಭ್ಯಾಸ

ಗುಳೆ ಹೋದ ಮಗನಿಗೆ ತಾಯಿ ಬರೆಯುವ ಕಾಗದದ ಮಾದರಿ ಇದು. ಗಟ್ಟಿಯಾಗಿ ಓದಿ. ಆಮೇಲೆ ನಿಮ್ಮ ಮನೆಯ ಸುದ್ದಿ ಸೇರಿಸಿ ನಿಮ್ಮದೇ ಕಾಗದ ಬರೆಯಿರಿ.

ಚಿರಂಜೀವಿ ಮಗನಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು. ಕ್ಷೇಮ ಅಂತ ಬರೆದರೆ ಸುಳ್ಳಾಗುತ್ತೆ. ನನಗೆ ಎಂಟು ದಿನ ಜ್ವರ ಇತ್ತು. ಈಗ ಕಮ್ಮಿ ಆಗೈತೆ. ದೊಡ್ಡ ಆಕಳು ಕರು ಹಾಕೈತೆ. ಮಳೆ ಇನ್ನೂ ಬಂದಿಲ್ಲ. ನೀನು ಕಳಿಸಿದ ದುಡ್ಡಿನಲ್ಲಿ ಸಂಘದ ಕಂತು ಕಟ್ಟಿದೆ, ಚೀಟಿ ನಾನೇ ಓದಿ ಇಟ್ಟುಕೊಂಡಿದ್ದೇನೆ. ನಿನ್ನ ತಂಗಿಯನ್ನು ಶಾಲೆ ಬಿಡಿಸೋದಿಲ್ಲ, ನೀನು ಚಿಂತೆ ಮಾಡಬೇಡ. ನಿನಗೆ ಅಲ್ಲಿ ಊಟ ಹೇಗೆ? ಕೆಲಸ ಹಗುರವೋ, ಕಷ್ಟವೋ? ಇದ್ದದ್ದು ಇದ್ದ ಹಾಗೆ ಬರೆ. ಈ ಕಾಗದ ಯಾರ ಕೈಲೂ ಬರೆಸಿಲ್ಲ. ನಾನೇ ಬರೆದಿದ್ದೇನೆ. ಅಕ್ಷರ ವಕ್ರ ಇದ್ದರೆ ನಗಬೇಡ. ಇಂತಿ ನಿನ್ನ ಅವ್ವ.

ಹೊಸ ಪದಗಳು

ದಂಡು: ಸೈನ್ಯ, ಸೈನ್ಯ ಇಳಿದಿರುವ ಜಾಗ
ಪಲ್ಟನ್: ಸೈನ್ಯದ ಒಂದು ಪಡೆ
ತಪಾಸಣೆ: ಪರೀಕ್ಷೆ ಮಾಡಿ ನೋಡುವುದು
ಶಿಬಿರ: ಜನರನ್ನು ಒಟ್ಟಿಗೆ ಇಳಿಸುವ ಜಾಗ
ಜನಗಣತಿ: ದೇಶದ ಜನರ ಎಣಿಕೆ

ಕೂಡಿ ಮಾತಾಡೋಣ

1. ಸಿಪಾಯಿಯ ಕಾಗದ ಯಾರ ಯಾರ ಕೈ ದಾಟಿ ಬರುತ್ತಿತ್ತು?
2. ಸರ್ಕಾರದವರು ಕಾಗದ ಒಡೆದು ಯಾಕೆ ಓದುತ್ತಿದ್ದರು?
3. ಕರಿ ಮೆಣಸು, ಕೆಂಪು ಮೆಣಸು ಅಂದರೆ ಯಾರು?
4. ಹೆಣ್ಣುಮಕ್ಕಳನ್ನು ಓದಿಸಿ ಅಂತ ಸಿಪಾಯಿಗಳಿಗೆ ಅನ್ನಿಸಿದ್ದು ಯಾಕೆ?
5. ನಿಮ್ಮ ಮನೆಗೆ ಬಂದ ಯಾವ ಕಾಗದವನ್ನು ಇನ್ನೊಬ್ಬರಿಂದ ಓದಿಸಿದ್ದೀರಿ? ಮುಂದಿನ ಪಾಠಕ್ಕೆ ಬರುವಾಗ ಅದನ್ನು ತನ್ನಿ. ಕೂಡಿ ಓದೋಣ.